ದನಿಗೂ ದಾಖಲೆ ಬೇಕು: ಎಐ ಕಾಲದಲ್ಲಿ ಸಂಗೀತಗಾರರ ಹೆಸರು

2025ರ ಜೂನ್‌ನಲ್ಲಿ ‘ದಿ ವೆಲ್ವೆಟ್ ಸನ್‌ಡೌನ್’ ಎಂಬ ಬ್ಯಾಂಡ್ ಸ್ಪಾಟಿಫೈನಲ್ಲಿ ಕಾಣಿಸಿಕೊಂಡಿತು. ಕೆಲವೇ ವಾರಗಳಲ್ಲಿ ಅದರ ತಿಂಗಳ ಕೇಳುಗರ ಸಂಖ್ಯೆ ಹತ್ತು ಲಕ್ಷ ದಾಟಿತು. ನಾಲ್ಕು ಸದಸ್ಯರ ಹೆಸರಿತ್ತು, ಹಳೇ ಕಾಲದ ಬಣ್ಣ ಬಳಿದ ಫೋಟೊಗಳಿದ್ದವು, ಕವಿತೆಯ ಧಾಟಿಯ ಪರಿಚಯವಿತ್ತು, ಇನ್‌ಸ್ಟಾಗ್ರಾಂ ಪುಟವೂ ಇತ್ತು. ಮನುಷ್ಯರು ಮಾತ್ರ ಇರಲಿಲ್ಲ. ಪತ್ರಕರ್ತರು ಬೆನ್ನುಹತ್ತಿದ ಮೇಲೆ, ಇದು ಎಐ ನೆರವಿನಿಂದ ಮಾಡಿದ ಸಂಗೀತ ಎಂದು ಜುಲೈನಲ್ಲಿ ಬ್ಯಾಂಡಿನ ಸ್ಪಾಟಿಫೈ ಪುಟದಲ್ಲೇ ಒಪ್ಪಿಕೊಂಡರು.

ಪರ್ಸನಲ್ ಬ್ರ್ಯಾಂಡಿಂಗ್ ಎಂದು ಹತ್ತು ವರ್ಷದಿಂದ ಹೇಳಿಕೊಡುತ್ತಿರುವುದನ್ನು ಒಮ್ಮೆ ನೆನಪಿಸಿಕೊಳ್ಳಿ. ಒಂದೇ ಬಣ್ಣದ ಪೋಸ್ಟರುಗಳು, ‘ಮೂಡ್’ ಇರುವ ಫೋಟೊ, ನಾಲ್ಕು ಸಾಲಿನ ಆಕರ್ಷಕ ಪರಿಚಯ, ತಪ್ಪದೆ ವಾರಕ್ಕೆ ಮೂರು ರೀಲ್. ಇಲ್ಲದ ಬ್ಯಾಂಡಿನ ಬಳಿ ಇದ್ದದ್ದೂ ಇಂಥವೇ. ಯಾರ ಕೈಗಾದರೂ ಎಟುಕುವಷ್ಟು ಅಗ್ಗವಾದ ಸರಕನ್ನು ಹಿಡಿದುಕೊಂಡು ‘ಇದೇ ನನ್ನ ಗುರುತು’ ಎಂದರೆ ಯಾರು ನಂಬುತ್ತಾರೆ? ಫ್ರಾನ್ಸಿನ ಸ್ಟ್ರೀಮಿಂಗ್ ಕಂಪನಿ ಡೀಜರ್ ಹೇಳುವಂತೆ, ಪೂರ್ತಿ ಯಂತ್ರವೇ ತಯಾರಿಸಿದ ಹಾಡುಗಳು 2025ರ ಜನವರಿಯಲ್ಲಿ ಅಲ್ಲಿಗೆ ದಿನಕ್ಕೆ ಸುಮಾರು 10,000 ಬರುತ್ತಿದ್ದವು. ನವೆಂಬರ್ ಹೊತ್ತಿಗೆ ಅದು 50,000 ಆಗಿತ್ತು. ಬಂದು ಬೀಳುವ ಹೊಸ ಹಾಡುಗಳಲ್ಲಿ ಹೆಚ್ಚುಕಡಿಮೆ ಮೂರರಲ್ಲೊಂದು. ಹಿಂದಿನ 12 ತಿಂಗಳಲ್ಲಿ 7.5 ಕೋಟಿ ಸ್ಪ್ಯಾಮ್ ಹಾಡುಗಳನ್ನು ತೆಗೆದುಹಾಕಿದ್ದೇವೆ ಎಂದು ಸ್ಪಾಟಿಫೈ ಅದೇ ವರ್ಷದ ಸೆಪ್ಟೆಂಬರಿನಲ್ಲಿ ಹೇಳಿಕೊಂಡಿತು.

ಹಾಗಾಗಿ ಸಂಗೀತಗಾರರು ಕಟ್ಟಬೇಕಾದದ್ದು ಚಹರೆಗಿಂತ ಮೊದಲು ಪುರಾವೆ. ‘ಇದನ್ನು ಹಾಡಿದ್ದು ಯಾರು, ಎಂದು, ಯಾರ ಜೊತೆ?’ ಎಂದು ಯಾರಾದರೂ ಕೇಳಿದರೆ ಹತ್ತು ಕಡೆಯಿಂದಲೂ ಒಂದೇ ಉತ್ತರ ಬರಬೇಕು. ಕೇಳುವವರಲ್ಲಿ ಈಗ ಚಾಟ್‌ಬಾಟುಗಳೂ ಸೇರಿವೆ.

ಈ ಚಿಂತೆ ನಮ್ಮ ನೆಲಕ್ಕೆ ಹೊಸದೇನಲ್ಲ. ಹನ್ನೆರಡನೇ ಶತಮಾನದ ವಚನಕಾರರು ವಚನದೊಳಗೇ ಅಂಕಿತ ಇಟ್ಟರು. ಕೂಡಲಸಂಗಮದೇವ ಎಂದರೆ ಬಸವಣ್ಣ, ಚೆನ್ನಮಲ್ಲಿಕಾರ್ಜುನ ಎಂದರೆ ಅಕ್ಕ. ದಾಸರು ಅದನ್ನೇ ಮುಂದುವರಿಸಿದರು. ಆದರೆ ಅಂಕಿತವನ್ನೂ ಬೇರೆಯವರು ಎತ್ತಿಕೊಂಡು ಅಂಟಿಸಬಹುದು. ಪುರಂದರವಿಠಲ ಎಂಬ ಮುದ್ರಿಕೆ ಇದ್ದಮಾತ್ರಕ್ಕೆ ಅದು ಪುರಂದರದಾಸರದೇ ಎನ್ನಲಾಗದು ಎಂಬುದು ವಿದ್ವಾಂಸರಿಗೆ ಗೊತ್ತು. ಪ್ರಕ್ಷಿಪ್ತ ಯಾವುದು, ಮೂಲ ಯಾವುದು ಎಂದು ಓಲೆಗರಿ, ಪಾಠಾಂತರಗಳನ್ನು ಇಟ್ಟುಕೊಂಡು ಸೋಸುತ್ತಲೇ ಬಂದಿದ್ದಾರೆ. 1902ರಲ್ಲಿ ಕೋಲ್ಕತ್ತದಲ್ಲಿ ಗ್ರಾಮೊಫೋನ್ ಕಂಪನಿಗೆ ಹಾಡಿದ ಗಾಯಕಿ ಗೌಹರ್ ಜಾನ್ ಪ್ರತಿ ಹಾಡಿನ ಕೊನೆಗೆ ‘ಮೈ ನೇಮ್ ಈಸ್ ಗೌಹರ್ ಜಾನ್’ ಎಂದು ಘೋಷಿಸುತ್ತಿದ್ದರು. ತಟ್ಟೆ ಅಚ್ಚಾಗುತ್ತಿದ್ದದ್ದು ಜರ್ಮನಿಯ ಹ್ಯಾನೋವರ್‌ನಲ್ಲಿ. ಅಲ್ಲಿನವರಿಗೆ ಯಾವ ಲೇಬಲ್ ಅಂಟಿಸಬೇಕೆಂದು ತಿಳಿಯಲು ಅದು ಬೇಕಿತ್ತು. (ಕೊನೆಗಾಲದಲ್ಲಿ ಅವರು ನಾಲ್ವಡಿ ಕೃಷ್ಣರಾಜ ಒಡೆಯರ ಆಸ್ಥಾನಕ್ಕೆ ಬಂದು, 1930ರ ಜನವರಿಯಲ್ಲಿ ಮೈಸೂರಿನಲ್ಲೇ ತೀರಿಕೊಂಡರು.) ಈಗ ಆ ಘೋಷಣೆಯನ್ನೂ ಅದೇ ದನಿಯಲ್ಲಿ ಯಂತ್ರದಿಂದ ಹೇಳಿಸಬಹುದು. ಅಂದಮೇಲೆ ಗುರುತು ಹಾಡಿನೊಳಗೆ ಇದ್ದರೆ ಸಾಲದು, ಹಾಡಿನ ಹೊರಗೂ ಇರಬೇಕು.

ಮೊದಲು ಹೆಸರಿನಿಂದ ಶುರುಮಾಡೋಣ, ಹೆಚ್ಚು ಅನಾಹುತ ಆಗುವುದು ಅಲ್ಲೇ. ಗಂಗೂಬಾಯಿ ಹಾನಗಲ್ಲರ ಆರಂಭದ ರೆಕಾರ್ಡುಗಳು ಗಾಂಧಾರಿ ಎಂಬ ಹೆಸರಿನಲ್ಲಿ ಬಂದಿದ್ದವು. ಆ ಕಾಲಕ್ಕೆ ಅದು ನಡೆಯಿತು, ಕೇಳುಗರು ದನಿ ಹಿಡಿದು ಹೆಸರು ಜೋಡಿಸಿಕೊಂಡರು. ಸ್ಟ್ರೀಮಿಂಗ್ ತಾಣಕ್ಕೆ ಕಿವಿಯಿಲ್ಲ, ಅಕ್ಷರ ಮಾತ್ರ. ‘ಲಕ್ಷ್ಮಿ’ಯನ್ನು ಇಂಗ್ಲಿಷಿನಲ್ಲಿ ಒಂದು ಆಲ್ಬಮ್ಮಿಗೆ ಕೆ-ಎಸ್-ಎಚ್ ಹಾಕಿ, ಇನ್ನೊಂದಕ್ಕೆ ಎಕ್ಸ್ ಹಾಕಿ ಬರೆದರೆ ಅಲ್ಲಿ ಇಬ್ಬರು ಗಾಯಕಿಯರು ಹುಟ್ಟುತ್ತಾರೆ. ಇನಿಷಿಯಲ್ ಮುಂದೆ ಚುಕ್ಕಿ ಇದ್ದರೆ ಒಬ್ಬರು, ಇಲ್ಲದಿದ್ದರೆ ಇನ್ನೊಬ್ಬರು. ‘ವಿದುಷಿ’, ‘ಪಂಡಿತ್’, ‘ಡಾ.’ ಇವನ್ನು ಕಲಾವಿದರ ಹೆಸರಿನ ಜಾಗದಲ್ಲೇ ತುಂಬುವ ಅಭ್ಯಾಸ ನಮ್ಮಲ್ಲಿ ಬಹಳ. ಬಿರುದು ಬಂದ ವರ್ಷದಿಂದ ಹೊಸ ಪುಟ ಶುರುವಾಗಿ ಹಳೆಯ ಹಾಡುಗಳೆಲ್ಲ ಅನಾಥವಾಗುತ್ತವೆ. ಬಿರುದನ್ನು ಪರಿಚಯದಲ್ಲಿ ಬರೆಯಿರಿ, ಹೆಸರಿನ ಜಾಗದಲ್ಲಿ ಬೇಡ.

ಮೊದಲ ಹಾಡು ಬಿಡುವ ಮುನ್ನ ಸ್ಪಾಟಿಫೈ, ಆಪಲ್ ಮ್ಯೂಸಿಕ್, ಯೂಟ್ಯೂಬ್, ಇನ್‌ಸ್ಟಾಗ್ರಾಂ ನಾಲ್ಕರಲ್ಲೂ ಆ ಹೆಸರನ್ನು ಹುಡುಕಿ. ಅದೇ ಹೆಸರಿನವರು ಆಗಲೇ ಇದ್ದರೆ ಊರನ್ನೋ ಮನೆತನದ ಹೆಸರನ್ನೋ ಸೇರಿಸಿ. ಹಾನಗಲ್, ಮನ್ಸೂರ, ಜೋಶಿ ಎಂದು ನಮ್ಮ ಹಿರಿಯರು ಮಾಡಿದ್ದೂ ಅದನ್ನೇ. ಆಮೇಲೆ ಒಂದು ಪುಟದ ಕಡತ ಮಾಡಿಟ್ಟುಕೊಳ್ಳಿ: ಕನ್ನಡದಲ್ಲಿ ಹೆಸರು, ಇಂಗ್ಲಿಷಿನಲ್ಲಿ ಅದರ ಒಂದೇ ಒಂದು ಸ್ಪೆಲಿಂಗು, ವಾದ್ಯ ಅಥವಾ ಗಾಯನ ಪ್ರಕಾರ, ಗುರುಗಳ ಹೆಸರು, ಪ್ರತಿ ತಾಣದ ಪುಟದ ಕೊಂಡಿ. ಆಹ್ವಾನ ಪತ್ರಿಕೆ ಮಾಡುವವರಿಗೆ, ಆಲ್ಬಂ ಕಂಪನಿಗೆ, ಪತ್ರಕರ್ತರಿಗೆ, ಕೇಳಿದವರಿಗೆಲ್ಲ ಕಳಿಸುವುದು ಇದನ್ನೇ. ಹಾಡನ್ನು ತಾಣಗಳಿಗೆ ತಲುಪಿಸುವ ಡಿಸ್ಟ್ರಿಬ್ಯೂಟರ್ ಕಂಪನಿಯ ಫಾರಂ ತುಂಬುವಾಗ ‘ಈ ಕಲಾವಿದರು ಆಗಲೇ ಇದ್ದಾರೆಯೇ?’ ಎಂಬ ಪ್ರಶ್ನೆ ಬರುತ್ತದೆ. ಅಲ್ಲಿ ನಿಮ್ಮ ಪುಟದ ಕೊಂಡಿಯನ್ನೇ ಹಾಕಿ. ಖಾಲಿ ಬಿಟ್ಟರೆ ಯಂತ್ರ ಊಹೆ ಮಾಡುತ್ತದೆ. ನಿಮ್ಮ ದೇವರನಾಮ ಇನ್ಯಾರದೋ ರ‍್ಯಾಪ್ ಪುಟಕ್ಕೆ ಹೋಗಿ ಕೂರುವುದು ಹೀಗೆಯೇ. ಇದೇ ಸಂದಿಯಲ್ಲಿ ಎಐ ಹಾಡುಗಳನ್ನು ನಿಜವಾದ ಕಲಾವಿದರ ಪುಟಕ್ಕೆ ತೂರಿಸುವವರೂ ಇದ್ದಾರೆ, ತೀರಿಹೋದವರ ಪುಟಗಳನ್ನೂ ಬಿಟ್ಟಿಲ್ಲ. ‘ಸ್ಪಾಟಿಫೈ ಫಾರ್ ಆರ್ಟಿಸ್ಟ್ಸ್’ನಲ್ಲಿ ಪುಟವನ್ನು ನಿಮ್ಮದಾಗಿಸಿಕೊಂಡು, ಮುಂದೆ ಬರಲಿರುವ ಬಿಡುಗಡೆಗಳ ಪಟ್ಟಿಯನ್ನು ಆಗಾಗ ನೋಡುತ್ತಿರಿ.

ಹೆಸರಿನಷ್ಟೇ ಮುಖ್ಯವಾದದ್ದು ಐಎಸ್‌ಆರ್‌ಸಿ, ಅಂದರೆ ಒಂದೊಂದು ಧ್ವನಿಮುದ್ರಣಕ್ಕೂ ಸಿಗುವ 12 ಅಕ್ಷರ-ಅಂಕಿಗಳ ಸಂಖ್ಯೆ. ಮೊದಲ ಐದು ಕೊಟ್ಟವರ ಗುರುತು, ನಂತರದ ಎರಡು ವರ್ಷ, ಕೊನೆಯ ಐದು ಕ್ರಮಸಂಖ್ಯೆ. ಡಿಸ್ಟ್ರಿಬ್ಯೂಟರ್ ಬದಲಿಸುವಾಗ ಹೊಸಬರು ತಾವಾಗಿ ಹೊಸ ಸಂಖ್ಯೆ ಕೊಟ್ಟುಬಿಟ್ಟರೆ ನಾಲ್ಕು ವರ್ಷ ಕೂಡಿಟ್ಟ ಕೇಳುಗರ ಲೆಕ್ಕ, ಪ್ಲೇಲಿಸ್ಟಿನ ಜಾಗ ಎಲ್ಲ ಸೊನ್ನೆ. ಹಾಗಾಗಬಾರದೆಂದರೆ ಹಳೆಯ ಸಂಖ್ಯೆ, ಅದೇ ಶೀರ್ಷಿಕೆ, ಅದೇ ಆಡಿಯೊ ಕಡತ ಕೊಡಿ. ಸೆಕೆಂಡು ಕೂಡ ಹೆಚ್ಚುಕಡಿಮೆ ಆಗಬಾರದು. ಹೊಸದು ತಾಣದಲ್ಲಿ ಕಾಣಿಸಿಕೊಂಡು, ಹಳೆಯ ಲೆಕ್ಕ ಅದಕ್ಕೆ ಅಂಟಿದೆ ಎಂದು ಖಾತ್ರಿಯಾದ ಮೇಲೆಯೇ ಹಳೆಯದನ್ನು ತೆಗೆಸಿ. ಬಹಳ ಜನ ಮೊದಲು ತೆಗೆಸಿ ಆಮೇಲೆ ಹಾಕುತ್ತಾರೆ.

ಇನ್ನು ಕನ್ನಡದವರಿಗೇ ಇರುವ ಒಂದು ತೊಡಕು. ನಮ್ಮ ಕಛೇರಿಗಳ ಆಹ್ವಾನ ಪತ್ರಿಕೆ, ಸ್ಮರಣ ಸಂಚಿಕೆಗಳು ಈಗಲೂ ನುಡಿ ಅಥವಾ ಬರಹ ತಂತ್ರಾಂಶದ ಹಳೆಯ, ಯೂನಿಕೋಡ್ (ಎಲ್ಲ ಕಂಪ್ಯೂಟರುಗಳೂ ಓದುವ ಅಕ್ಷರ ಸಂಕೇತ) ಅಲ್ಲದ ಅಕ್ಷರಗಳಲ್ಲಿ ತಯಾರಾಗುತ್ತವೆ. ಡಿಟಿಪಿ ಅಂಗಡಿಯವರಿಗೆ ಕೋರೆಲ್‌ಡ್ರಾದಲ್ಲಿ ಅದೇ ಸಲೀಸು. ಆ ಕಡತದಿಂದ ಹೆಸರನ್ನು ಎತ್ತಿ ವೆಬ್‌ಸೈಟಿಗೆ ಅಂಟಿಸಿದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ರಾಶಿ ಬೀಳುತ್ತದೆ. ಫೋಟೊ ಮಾಡಿ ಫೇಸ್‌ಬುಕ್ಕಿಗೆ ಹಾಕಿದರೆ ಕಣ್ಣಿಗೆ ಚೆಂದ, ಹುಡುಕಾಟಕ್ಕೆ ದಕ್ಕುವ ಭರವಸೆ ಇಲ್ಲ. ಮೂವತ್ತು ವರ್ಷ ಹಾಡಿದವರ ಕಛೇರಿಗಳ ವಿವರ ಅಂತರ್ಜಾಲದಲ್ಲಿ ಇಲ್ಲವೇ ಇಲ್ಲ ಎಂಬಂತಾಗಿರುವುದಕ್ಕೆ ದೊಡ್ಡ ಕಾರಣ ಇದು. ಪರಿಹಾರ ಸುಲಭ: ಪೋಸ್ಟರ್ ಹಾಕಿದಾಗಲೆಲ್ಲ ಅದರ ಕೆಳಗೆ ದಿನಾಂಕ, ಸ್ಥಳ, ಸಭೆಯ (ಕಛೇರಿ ಏರ್ಪಡಿಸಿದ ಸಂಸ್ಥೆಯ) ಹೆಸರು, ಹಾಡುಗಾರರು, ಪಿಟೀಲು, ಮೃದಂಗ ಯಾರು ಎಂಬುದನ್ನು ಯೂನಿಕೋಡಿನಲ್ಲಿ ಟೈಪ್ ಮಾಡಿ. ಹಳೆಯ ಕಡತಗಳಿದ್ದರೆ ಆ ಹಳೆಯ ಅಕ್ಷರಗಳಿಂದ (ಆಸ್ಕಿ) ಯೂನಿಕೋಡಿಗೆ ಬದಲಿಸುವ ಉಚಿತ ಪರಿವರ್ತಕಗಳಿವೆ. ಪರಿವರ್ತಿಸಿದ ಮೇಲೆ ಅರ್ಕಾವತ್ತು ಮತ್ತು ಒತ್ತಕ್ಷರಗಳನ್ನು ಕಣ್ಣಿಟ್ಟು ನೋಡಿ, ತಪ್ಪು ಉಳಿಯುವುದು ಅಲ್ಲಿ.

ಪಕ್ಕವಾದ್ಯದವರ ಹೆಸರು ಬರೆಯುವುದು ಸೌಜನ್ಯ ಮಾತ್ರವಲ್ಲ, ಪುರಾವೆಯ ಗಟ್ಟಿ ಭಾಗವೂ ಅದೇ. ನಿಮ್ಮ ಪುಟದಲ್ಲಿ ಒಂದು ಕಛೇರಿಯ ವಿವರ ಇದೆ, ಮೃದಂಗದವರ ಪುಟದಲ್ಲಿ ಅದೇ ದಿನಾಂಕ ಇದೆ, ಸಭೆಯವರ ಪಟ್ಟಿಯಲ್ಲಿಯೂ ಇದೆ, ಯಾರೋ ರಸಿಕರು ಹಾಕಿದ ತನಿ ಆವರ್ತನದ (ಮೃದಂಗದವರು ಒಬ್ಬರೇ ನುಡಿಸುವ ಭಾಗ) ಎರಡು ನಿಮಿಷದ ತುಣುಕಿನಲ್ಲಿ ಹಿಂದಿನ ಬ್ಯಾನರ್ ಕಾಣುತ್ತದೆ. ಒಬ್ಬ ಗಾಯಕಿಯನ್ನು ನಕಲು ಮಾಡುವುದು ಯಂತ್ರಕ್ಕೆ ಸುಲಭ. ಒಬ್ಬರಿಗೊಬ್ಬರು ಸಾಕ್ಷಿ ಹೇಳುವ ಎಂಟು ಜನರನ್ನು ವರ್ಷಗಟ್ಟಲೆ ನಕಲು ಮಾಡುತ್ತ ಕೂರುವುದು ಮೋಸಗಾರನಿಗೆ ಲಾಭದ ಕಸುಬಲ್ಲ. ಆಕಾಶವಾಣಿಯ ಶ್ರೇಣಿ ಇದ್ದರೆ ‘ಆಕಾಶವಾಣಿ ಕಲಾವಿದೆ’ ಎಂದು ತೇಲಿಸಿ ಬರೆಯದೆ ಯಾವ ಕೇಂದ್ರ, ಬಿ-ಹೈ ಆಗಿದ್ದರೆ ಬಿ-ಹೈ, ಯಾವ ವರ್ಷ ಎಂದು ಬರೆಯಿರಿ. ಪರಿಶೀಲಿಸಬಹುದಾದ ಒಂದು ಸಾಲು ‘ಸುಪ್ರಸಿದ್ಧ’, ‘ಮಾಂತ್ರಿಕ ಕಂಠ’ಗಳ ಹತ್ತು ಸಾಲಿಗಿಂತ ಮೇಲು. ಆ ಹತ್ತು ಸಾಲನ್ನು ಚಾಟ್‌ಬಾಟ್ ಎಲ್ಲರಿಗೂ ಬರೆದುಕೊಡುತ್ತದೆ. ಜೊತೆಗೆ ಸಿಗದ ಪ್ರಶಸ್ತಿಯೊಂದನ್ನೂ ಸೇರಿಸಿರುತ್ತದೆ, ಓದದೆ ಅಂಟಿಸಿದವರು ಮುಜುಗರಕ್ಕೆ ಬೀಳುತ್ತಾರೆ.

ಸ್ವಂತ ವೆಬ್‌ಸೈಟ್ ಬೇಕೇ? ಬೇಕು, ಆದರೆ ಒಂದೇ ಪುಟ ಸಾಕು. ಸ್ವಂತ ಡೊಮೇನ್ ಹೆಸರು, ಕನ್ನಡ ಮತ್ತು ಇಂಗ್ಲಿಷಿನಲ್ಲಿ ಸಾದಾ ಅಕ್ಷರಗಳ ಪರಿಚಯ, ಧ್ವನಿಮುದ್ರಿಕೆಗಳ ಪಟ್ಟಿ, ಕಛೇರಿಗಳ ಪಟ್ಟಿ, ಅಧಿಕೃತ ಪುಟಗಳ ಕೊಂಡಿ. ಪುಟ ಮಾಡಿಕೊಡುವವರಿಗೆ ‘ಸ್ಕೀಮಾ ಡಾಟ್ ಆರ್ಗ್ ಮಾಹಿತಿ ಹಾಕಿ, ಸೇಮ್‌ಆ್ಯಸ್ ಕೊಂಡಿಗಳನ್ನು ಕೊಡಿ’ ಎಂದು ಹೇಳಿ. ಇವೆಲ್ಲ ಒಬ್ಬರೇ ವ್ಯಕ್ತಿಯ ಪುಟಗಳು ಎಂದು ಸರ್ಚ್ ಎಂಜಿನ್ನಿಗೆ ಅದರಿಂದ ತಿಳಿಯುತ್ತದೆ. ಮ್ಯೂಸಿಕ್‌ಬ್ರೇನ್ಸ್ ಎಂಬ ಮುಕ್ತ ಕೋಶದಲ್ಲಿ ಧ್ವನಿಮುದ್ರಣಗಳನ್ನು ಐಎಸ್‌ಆರ್‌ಸಿ ಸಮೇತ ದಾಖಲಿಸಿ. ವಿಕಿಪೀಡಿಯದಲ್ಲಿ ಮಾತ್ರ ನಿಮ್ಮ ಬಗ್ಗೆ ನೀವೇ ಬರೆಯಬೇಡಿ, ಅಳಿಸುತ್ತಾರೆ. ಯೂಟ್ಯೂಬಿನಲ್ಲಿ ನಿಮ್ಮ ಚಾನೆಲ್ಲನ್ನೂ, ಡಿಸ್ಟ್ರಿಬ್ಯೂಟರ್ ಮೂಲಕ ತಾನಾಗಿ ಹುಟ್ಟಿದ ‘ಟಾಪಿಕ್’ ಚಾನೆಲ್ಲನ್ನೂ ಒಂದುಗೂಡಿಸಿ ‘ಅಫಿಶಿಯಲ್ ಆರ್ಟಿಸ್ಟ್ ಚಾನೆಲ್’ ಮಾಡಿಸಿಕೊಳ್ಳಿ. ಹೆಸರಿನ ಪಕ್ಕದ ಸಂಗೀತದ ಚಿಹ್ನೆ ನಕಲಿಗೆ ಸುಲಭಕ್ಕೆ ಸಿಗುವುದಿಲ್ಲ.

ದನಿಯ ಕಳವು ಇನ್ನೊಂದು ಕಥೆ. ಆರ್‌ವಿಸಿ ಎಂಬ ಉಚಿತ ತಂತ್ರಾಂಶಕ್ಕೆ ಸುಮಾರು ಹತ್ತು ನಿಮಿಷದ, ಗದ್ದಲವಿಲ್ಲದ ದನಿ ಕೊಟ್ಟರೆ ಆ ದನಿಯಲ್ಲಿ ಬೇರೆಯವರ ಹಾಡು ಹಾಡಿಸಬಹುದು. ಆದ್ದರಿಂದ ರೀಮಿಕ್ಸ್ ಸ್ಪರ್ಧೆ, ‘ಬರೀ ದನಿ ಕೇಳಿ’ ಎಂಬ ವೈರಲ್ ಪೋಸ್ಟುಗಳಿಗೆ ಮಾರ್ದನಿಯ ಪರಿಣಾಮ (ರಿವರ್ಬ್) ಕೂಡ ಇಲ್ಲದ ಒಣ ವೋಕಲ್ ಟ್ರ್ಯಾಕನ್ನು ಹಂಚಬೇಡಿ. ಇದು ಪೂರ್ತಿ ರಕ್ಷಣೆಯೇನಲ್ಲ. ಮಿಕ್ಸ್ ಆದ ಹಾಡಿನಿಂದಲೂ ದನಿಯನ್ನು ಬೇರ್ಪಡಿಸುವ ಸಾಧನಗಳಿವೆ, ಆದರೆ ಅಲ್ಲಿ ತಂಬೂರಿಯ ಗುಂಗು, ಪಿಟೀಲಿನ ಎಳೆ ಅಂಟಿಕೊಂಡೇ ಬರುವುದರಿಂದ ನಕಲು ಒರಟಾಗುತ್ತದೆ. ಯಂತ್ರಕ್ಕೆ ಕನ್ನಡದ ಳ-ಲ ವ್ಯತ್ಯಾಸ, ಮಹಾಪ್ರಾಣ ಸರಿಯಾಗಿ ಬರುವುದಿಲ್ಲ, ಹಾಗಾಗಿ ನಮಗೆ ಭಯವಿಲ್ಲ ಎನ್ನುವವರಿದ್ದಾರೆ. ಆ ನೆಮ್ಮದಿ ಹೆಚ್ಚು ಕಾಲದ್ದಲ್ಲ, ಉಚ್ಚಾರ ದಿನದಿನಕ್ಕೆ ಸುಧಾರಿಸುತ್ತಿದೆ.

ಕಾನೂನು ಎಲ್ಲಿದೆ? 2024ರ ಜುಲೈನಲ್ಲಿ ಅರಿಜಿತ್ ಸಿಂಗ್ ಪ್ರಕರಣದಲ್ಲಿ ಬಾಂಬೆ ಹೈಕೋರ್ಟ್ ಮಧ್ಯಂತರ ಆದೇಶ ನೀಡಿ, ಒಪ್ಪಿಗೆಯಿಲ್ಲದೆ ಎಐ ಮೂಲಕ ಅವರ ಹೆಸರು, ದನಿ, ಗಾಯನ ಶೈಲಿ ಬಳಸುವುದನ್ನು ತಡೆಯಿತು. 2025ರಲ್ಲಿ ಆಶಾ ಭೋಸ್ಲೆಯವರಿಗೂ ಅದೇ ನ್ಯಾಯಾಲಯದಿಂದ ಅಂಥದೇ ರಕ್ಷಣೆ ಸಿಕ್ಕಿತು. ಆದರೆ ಇವರಿಬ್ಬರೂ ದೇಶಕ್ಕೇ ಗೊತ್ತಿರುವವರು. ಗದುಗಿನ ಒಬ್ಬ ಗಾಯಕ, ಉಡುಪಿಯ ಒಬ್ಬ ಭಾಗವತರು ಕೋರ್ಟಿಗೆ ಹೋದರೆ ‘ಈ ದನಿ ಇವರದೆಂದು ಜನರಿಗೆ ಗೊತ್ತಿದೆಯೇ?’ ಎಂಬ ಪ್ರಶ್ನೆಯಿಂದಲೇ ಶುರುವಾಗುತ್ತದೆ. ಮೇಲೆ ಹೇಳಿದ ದಾಖಲೆ ಬೇಕಾಗುವುದು ಆಗ. ಒಪ್ಪಿಗೆ ಪಡೆದು ಮಾಡುವ ದಾರಿಯೂ ಇಲ್ಲದಿಲ್ಲ: 2024ರಲ್ಲಿ ಎ.ಆರ್. ರೆಹಮಾನ್ ತಮಿಳು ಚಿತ್ರವೊಂದಕ್ಕೆ ತೀರಿಹೋದ ಗಾಯಕರಾದ ಬಂಬಾ ಬಾಕ್ಯಾ ಮತ್ತು ಶಾಹುಲ್ ಹಮೀದ್ ಅವರ ದನಿಯನ್ನು ಕುಟುಂಬದವರ ಅನುಮತಿ ಪಡೆದು, ಸಂಭಾವನೆ ಕೊಟ್ಟು ಬಳಸಿದರು. ಅದೇ ಹೊತ್ತಿಗೆ ಎಸ್.ಪಿ. ಬಾಲಸುಬ್ರಹ್ಮಣ್ಯಂ ಅವರ ದನಿಯನ್ನು ಕೇಳದೆ ಮರುಸೃಷ್ಟಿಸಿದ್ದಕ್ಕೆ ತೆಲುಗು ಚಿತ್ರವೊಂದರ ತಂಡಕ್ಕೆ ಅವರ ಮಗ ಚರಣ್ ನೋಟಿಸ್ ಕಳಿಸಿದರು.

ಕೋರ್ಟಿನ ಮೆಟ್ಟಿಲು ಹತ್ತುವ ಮುನ್ನ ಸಹಿ ಹಾಕುವ ಕಾಗದ ಓದಿ. ಭಕ್ತಿಗೀತೆಯ ಆಲ್ಬಮ್ಮಿಗೆ, ಧಾರಾವಾಹಿಯ ಶೀರ್ಷಿಕೆ ಗೀತೆಗೆ ಹಾಡಿಸಿಕೊಳ್ಳುವವರು ಎರಡು ಪುಟದ ಒಪ್ಪಂದ ತರುತ್ತಾರೆ, ‘ಈಗಿರುವ ಮತ್ತು ಮುಂದೆ ಬರುವ ಎಲ್ಲ ಮಾಧ್ಯಮಗಳಲ್ಲಿ, ವಿಶ್ವದಾದ್ಯಂತ, ಶಾಶ್ವತವಾಗಿ’ ಎಂಬ ಸಾಲು ಅದರಲ್ಲಿ ಇರುತ್ತದೆ. 1957ರ ಕೃತಿಸ್ವಾಮ್ಯ ಕಾಯ್ದೆಗೆ 2012ರಲ್ಲಾದ ತಿದ್ದುಪಡಿಯ ಪ್ರಕಾರ, ಒಪ್ಪಂದದ ಹೊತ್ತಿಗೆ ಇಲ್ಲದ ಬಳಕೆಯ ವಿಧಾನವನ್ನು ನಿರ್ದಿಷ್ಟವಾಗಿ ಹೆಸರಿಸದಿದ್ದರೆ ಅದರ ಹಕ್ಕು ದಾಟುವುದಿಲ್ಲ. ಅವಧಿ ಬರೆಯದಿದ್ದರೆ ಐದು ವರ್ಷ, ಪ್ರದೇಶ ಬರೆಯದಿದ್ದರೆ ಭಾರತ ಮಾತ್ರ ಎಂಬುದು ಅದೇ ಕಾಯ್ದೆಯ 19ನೇ ಸೆಕ್ಷನ್. ಅಂದರೆ ಎಷ್ಟೋ ಸಲ ಕಾಗದದಲ್ಲಿ ಇಲ್ಲದಿರುವುದೇ ನಿಮ್ಮ ಪರ. ಒಂದು ಸಾಲು ಮಾತ್ರ ನೀವಾಗಿ ಸೇರಿಸಿ: ‘ಈ ಧ್ವನಿಮುದ್ರಣವನ್ನಾಗಲಿ ನನ್ನ ದನಿಯನ್ನಾಗಲಿ ಎಐ ತರಬೇತಿಗೆ, ದನಿಯ ನಕಲಿಗೆ, ನಾನು ಹಾಡದ ಹೊಸ ಸಾಲುಗಳನ್ನು ಹಾಡಿಸಲು ನನ್ನ ಪ್ರತ್ಯೇಕ ಲಿಖಿತ ಒಪ್ಪಿಗೆ ಇಲ್ಲದೆ ಬಳಸತಕ್ಕದ್ದಲ್ಲ.’ ನಿರ್ಮಾಪಕರು ಒಪ್ಪದಿದ್ದರೆ ಸಂಭಾವನೆಯ ಮಾತನ್ನು ಬೇರೆಯಾಗಿ ಆಡಬೇಕು, ಏಕೆಂದರೆ ಅವರು ಕೊಳ್ಳುತ್ತಿರುವುದು ಒಂದು ಹಾಡನ್ನಲ್ಲ.

ಸುಗಮ ಸಂಗೀತದವರು ತಮ್ಮ ಕಡೆಯ ಲೆಕ್ಕವನ್ನೂ ನೋಡಿಕೊಳ್ಳಬೇಕು. ಕವಿ ತೀರಿಕೊಂಡ ಮುಂದಿನ ವರ್ಷದಿಂದ 60 ವರ್ಷ ಹಕ್ಕು ಇರುತ್ತದೆ. ಬೇಂದ್ರೆ ತೀರಿಕೊಂಡದ್ದು 1981, ಹಾಗಾಗಿ 2041ರ ಕೊನೆಯವರೆಗೆ, ಕುವೆಂಪು 1994, ಅಂದರೆ 2054, ಕೆ.ಎಸ್. ನರಸಿಂಹಸ್ವಾಮಿ 2003, ಅಂದರೆ 2063. ರಾಗ ಹಾಕಿದವರ ಹಕ್ಕು ಬೇರೆ, ಸಿ. ಅಶ್ವತ್ಥ್ ತೀರಿಕೊಂಡದ್ದು 2009ರಲ್ಲಿ. ದಾಸರ ಪದ, ವಚನಗಳ ಸಾಹಿತ್ಯ ಎಲ್ಲರದು, ಆದರೆ ಇತ್ತೀಚಿನವರು ಕೂರಿಸಿದ ಮಟ್ಟು ಎಲ್ಲರದಲ್ಲ. ನಿಮ್ಮ ಸ್ವಂತ ಸಾಹಿತ್ಯ-ಸಂಯೋಜನೆ ಇದ್ದರೆ ಐಪಿಆರ್‌ಎಸ್ (ಗೀತರಚನಕಾರರು, ಸಂಯೋಜಕರ ಪರವಾಗಿ ರಾಯಲ್ಟಿ ವಸೂಲಿ ಮಾಡುವ ಸಂಸ್ಥೆ) ಸದಸ್ಯತ್ವ ಪಡೆದು ಕೃತಿಗಳನ್ನು ನೋಂದಾಯಿಸಿ. ಯಾರ ಹೆಸರೂ ಹಾಕದೆ ಕವರ್ (ಬೇರೆಯವರ ಹಾಡನ್ನು ತಾವು ಹಾಡಿದ್ದು) ಬಿಡುತ್ತ ಬಂದವರು ನಾಳೆ ತಮ್ಮ ದನಿ ಕದ್ದರೆಂದು ದೂರಿದಾಗ ಎದುರಿನವರು ಮೊದಲು ತೋರಿಸುವುದು ಆ ಕವರುಗಳನ್ನೇ.

ಎಐ ಬಳಸಲೇಬಾರದೆಂಬ ವ್ರತ ಬೇಕಿಲ್ಲ. ಗದ್ದಲ ತೆಗೆಯುವುದು, ಹಳೆಯ ಕ್ಯಾಸೆಟ್ಟಿನಿಂದ ದನಿ ಬೇರ್ಪಡಿಸುವುದು, ಮಾಸ್ಟರಿಂಗ್‌ಗೆ ನೆರವು ಇವೆಲ್ಲ ಉಪಕರಣದ ಕೆಲಸ. ದನಿ, ವಾದ್ಯ, ರಾಗಸಂಯೋಜನೆ ಯಂತ್ರದ್ದಾಗಿದ್ದರೆ ಹೇಳಿಬಿಡುವುದು ಲೇಸು. ದನಿಗೆ, ವಾದ್ಯಕ್ಕೆ, ಪೋಸ್ಟ್-ಪ್ರೊಡಕ್ಷನ್ನಿಗೆ ಎಲ್ಲೆಲ್ಲಿ ಎಐ ಬಳಸಲಾಗಿದೆ ಎಂದು ಬೇರೆ ಬೇರೆಯಾಗಿ ನಮೂದಿಸುವ ವ್ಯವಸ್ಥೆಯನ್ನು ಸ್ಪಾಟಿಫೈ ಒಪ್ಪಿಕೊಂಡಿದೆ. ಮುಚ್ಚಿಟ್ಟು ಸಿಕ್ಕಿಬಿದ್ದವರ ನಿಜವಾದ ಹಾಡುಗಳ ಮೇಲೂ ಅನುಮಾನ ಕೂರುತ್ತದೆ. ಇನ್ನೊಂದು ಅಪಾಯ: ಲೈಬ್ರರಿಯ ಲೂಪ್ (ಸಿದ್ಧ ಸಂಗೀತದ ತುಣುಕು) ಅಥವಾ ಯಂತ್ರ ಕೊಟ್ಟ ತುಣುಕು ಸೇರಿಸಿದ ಹಾಡನ್ನು ಯೂಟ್ಯೂಬ್ ಕಂಟೆಂಟ್ ಐಡಿಗೆ (ಅದೇ ಆಡಿಯೊ ಇರುವ ವಿಡಿಯೊಗಳನ್ನು ತಾನಾಗಿ ಹುಡುಕಿ ಹಕ್ಕು ಕೇಳುವ ವ್ಯವಸ್ಥೆ) ಹಾಕಿದರೆ, ಅದೇ ತುಣುಕು ಬಳಸಿದ ಅಪರಿಚಿತರ ವಿಡಿಯೊಗಳ ಮೇಲೆಲ್ಲ ನಿಮ್ಮ ಹೆಸರಿನಲ್ಲಿ ಕ್ಲೇಮ್ ಬೀಳುತ್ತದೆ. ತಪ್ಪು ಕ್ಲೇಮ್ ಹೆಚ್ಚಾದರೆ ಡಿಸ್ಟ್ರಿಬ್ಯೂಟರ್ ನಿಮ್ಮನ್ನೇ ಹೊರಗೆ ಹಾಕುತ್ತಾರೆ.

ಕಡತಗಳನ್ನು ಉಳಿಸಿಕೊಳ್ಳಿ. ಮಟ್ಟು ಹೊಳೆದಾಗ ಫೋನಿನಲ್ಲಿ ಗುನುಗಿದ ತುಣುಕು, ಸಾಹಿತ್ಯದ ಕಾಟುಹೊಡೆದ ಹಾಳೆಯ ಫೋಟೊ, ಸ್ಟುಡಿಯೊದ ಪ್ರಾಜೆಕ್ಟ್ ಕಡತ, ಕೈಬಿಟ್ಟ ಟೇಕುಗಳು, ಎಲ್ಲವೂ. 48 ಕಿಲೋಹರ್ಟ್ಸ್, 24 ಬಿಟ್ ಮೋನೊ ಟ್ರ್ಯಾಕಿಗೆ ನಿಮಿಷಕ್ಕೆ ಸುಮಾರು 8.6 ಎಂಬಿ, ನಾಲ್ಕು ನಿಮಿಷದ ಹಾಡಿಗೆ 30 ಟ್ರ್ಯಾಕ್ ಇದ್ದರೂ ಒಂದು ಜಿಬಿಯಷ್ಟೇ. ಸ್ಟುಡಿಯೊಗಳು ಕೆಲವು ತಿಂಗಳಾದ ಮೇಲೆ ಡಿಸ್ಕ್ ಖಾಲಿ ಮಾಡುತ್ತವೆ, ಕೊನೆಯ ಕಂತು ಕೊಡುವ ದಿನವೇ ಹಾರ್ಡ್‌ಡಿಸ್ಕ್ ಹಿಡಿದುಕೊಂಡು ಹೋಗಿ. ಅಪಶ್ರುತಿಯಾಗಿ ನಿಲ್ಲಿಸಿ, ಕೆಮ್ಮಿ, ‘ಇನ್ನೊಂದ್ಸಲ ಮಾಡೋಣ’ ಎಂದ ಟೇಕು ಆಲ್ಬಮ್ಮಿಗೆ ಬೇಡವಾದದ್ದು, ವಿವಾದ ಬಂದಾಗ ಅತ್ಯಂತ ಬೆಲೆಬಾಳುವುದು.

ಕೇಳುಗರನ್ನು ನೇರವಾಗಿ ತಲುಪುವ ದಾರಿಯೂ ಇರಲಿ. ವಾಟ್ಸ್‌ಆ್ಯಪ್ ಬ್ರಾಡ್‌ಕಾಸ್ಟ್ ಪಟ್ಟಿಗೆ 256 ಜನರ ಮಿತಿ, ಅದರಲ್ಲೂ ನಿಮ್ಮ ನಂಬರ್ ಸೇವ್ ಮಾಡಿಕೊಂಡವರಿಗೆ ಮಾತ್ರ ತಲುಪುತ್ತದೆ. ಚಾನೆಲ್‌ಗೆ ಆ ಮಿತಿಯಿಲ್ಲ. ಎರಡಕ್ಕಿಂತ ಇಮೇಲ್ ಪಟ್ಟಿ ಗಟ್ಟಿ, ಯಾವ ಕಂಪನಿ ನಿಯಮ ಬದಲಿಸಿದರೂ ಪಟ್ಟಿ ನಿಮ್ಮಲ್ಲೇ ಉಳಿಯುತ್ತದೆ.

ನಕಲಿ ಹಾಡು ಕಂಡ ದಿನ ಮಾಡಬೇಕಾದ್ದು ಇಷ್ಟು. ಮೊದಲು ಸ್ಕ್ರೀನ್ ರೆಕಾರ್ಡ್ ಮಾಡಿ. ಕೊಂಡಿ, ದಿನಾಂಕ, ಹಾಕಿದವರ ಖಾತೆ, ಹಾಡಿನ ವಿವರದಲ್ಲಿ ಕಾಣುವ ಹಕ್ಕುದಾರರ ಹೆಸರು ಎಲ್ಲ ಅದರಲ್ಲಿ ಬರಲಿ. ಆಮೇಲೆ ದೂರಿನ ಬಗೆ ತೀರ್ಮಾನಿಸಿ, ಎಲ್ಲರೂ ಎಡವುವ ಜಾಗ ಇದು. ನಿಮ್ಮ ಧ್ವನಿಮುದ್ರಣವನ್ನೇ ಎತ್ತಿ ಹಾಕಿದ್ದರೆ ಕಾಪಿರೈಟ್ ದೂರು. ನೀವು ಎಂದೂ ಹಾಡದ ಹಾಡನ್ನು ನಿಮ್ಮ ದನಿಯಲ್ಲಿ ಹಾಡಿಸಿದ್ದರೆ ಕದ್ದ ಧ್ವನಿಮುದ್ರಣ ಎಂಬುದೇ ಅಲ್ಲಿಲ್ಲ. ಕಾಪಿರೈಟ್ ಫಾರಂ ತುಂಬಿದರೆ ತಳ್ಳಿಹಾಕುತ್ತಾರೆ. ಅದಕ್ಕೆ ಸ್ಪಾಟಿಫೈನಲ್ಲಿ ಸೋಗು ಹಾಕಿದ ಬಗ್ಗೆ, ಯೂಟ್ಯೂಬಿನಲ್ಲಿ ಖಾಸಗಿತನದ ಅಡಿ ಎಐ ದನಿಯ ಬಗ್ಗೆ ಇರುವ ಬೇರೆ ಫಾರಂ ತುಂಬಬೇಕು. ನಿಮ್ಮ ಪುಟಕ್ಕೆ ಬೇರೆಯವರ ಹಾಡು ಬಂದು ಕೂತಿದ್ದರೆ ಅದು ಮೂರನೆಯ ಬಗೆ, ತಪ್ಪು ಜೋಡಣೆಯ ದೂರು. ಮೂರರಲ್ಲೂ ನಿಮ್ಮ ಡಿಸ್ಟ್ರಿಬ್ಯೂಟರಿಗೂ ಪ್ರತಿ ಕಳಿಸಿ, ಅವರ ಮಾತು ಬೇಗ ನಡೆಯುತ್ತದೆ. ನಿಮ್ಮ ಅಧಿಕೃತ ಪುಟಗಳಲ್ಲಿ ‘ಈ ಹೆಸರಿನ ಹಾಡು ನಾನು ಹಾಡಿದ್ದಲ್ಲ’ ಎಂದು ಒಂದು ಸಾಲು ಹಾಕಿ, ನಕಲಿಯ ಕೊಂಡಿಯನ್ನು ಮಾತ್ರ ಹಂಚಬೇಡಿ. ಸಿಟ್ಟಿನಲ್ಲಿ ಹಂಚಿದರೂ ಅಭಿಮಾನದಿಂದ ಹಂಚಿದರೂ ಅದರ ವೀಕ್ಷಣೆ ಏರುವುದು ಒಂದೇ ರೀತಿ, ಹಣ ಹೋಗುವುದೂ ಅವರ ಖಾತೆಗೇ.